ಬಲಮಗ್ಗುಲು

ನನ್ನ ಗಂಡ ಅಲ್ಲಾಲ್ ತನ್ನ ಸಾವಿನ ಬಗ್ಗೆ ಪೀಚ್ ತೋಟದ ಕೆಲಸದ ಹಾಗೇ ಮಾತಾಡುತ್ತಿದ್ದ. ಈ ತಿಂಗಳು ರೆಂಬೆ ಸವರಬೇಕು, ಮುಂದಿನ ತಿಂಗಳು ಔಷಧಿ ಹೊಡೆಯಬೇಕು, ಆಮೇಲೆ ಸಾಯಬೇಕು. ಆ ಔಷಧಿಯೇ ಅವನ ಎದೆ ತಿಂದದ್ದು ಅಂತ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮೊರಾಕ್ಕೋದಿಂದ ಬಂದು ಈ ತೊರ್ರೆಸೆಕಾ ಊರಿನ ತೋಟಗಳಲ್ಲಿ ಮೂವತ್ತೊಂದು ವರ್ಷ ದುಡಿದವನು ಕೊನೆಗೆ ಮೆಟ್ಟಿಲು ಹತ್ತಲಾರದೆ, ನಮ್ಮ ಮನೆಯ ಕೆಳಗಿನ ಬೆಂಚಿನ ಮೇಲೆ ಕೂತು ಹೋಗುವ ಬರುವವರನ್ನು ನೋಡುತ್ತಿದ್ದ.

"ಲೇ ಮಿಮೂನಾ," ಅಂದ ಒಂದು ಬೆಳಿಗ್ಗೆ. "ನನ್ನನ್ನ ಆ ಗೋಡೆಗೆ ತಳ್ಳಬೇಡ. ಮಣ್ಣಲ್ಲಿ ಇಡು."

"ಸುಮ್ನಿರು. ಚಹಾ ಆರ್ತಾ ಇದೆ, ಕುಡಿ."

"ಚಹಾ ಕುಡೀತೀನಿ. ನೀನು ಮಾತು ಕೊಡು."

ಗೋಡೆ ಅಂದರೆ ಊರಿನ ಸ್ಮಶಾನದ ಗೋಡೆ. ಇಲ್ಲಿಯವರು ಸತ್ತವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಗೋಡೆಯಲ್ಲಿ ಒಂದರ ಮೇಲೊಂದು ಕಟ್ಟಿದ ಗೂಡುಗಳೊಳಗೆ ತಳ್ಳಿ, ಬಾಯಿಗೆ ಇಟ್ಟಿಗೆ ಗಾರೆ ಹಾಕಿ, ಮೇಲೆ ಹೆಸರಿನ ಕಲ್ಲು ಕೂರಿಸುತ್ತಾರೆ. ನೆಲ ಅಗೆದು ಮಣ್ಣು ಮಾಡುವುದನ್ನು ಬಿಟ್ಟು ಐವತ್ತು ವರ್ಷವಾಯಿತಂತೆ. ನಮ್ಮದು ಹಾಗಲ್ಲ. ಕಫನ್ ಬಟ್ಟೆ, ಬರೀ ಮಣ್ಣು, ಬಲಮಗ್ಗುಲು, ಮುಖ ಕಿಬ್ಲಾದ ಕಡೆಗೆ. ಇಲ್ಲಿಂದ ಲೆಕ್ಕ ಹಾಕಿದರೆ ಮೆಕ್ಕಾ ಇರುವ ದಿಕ್ಕು ಆಗ್ನೇಯ. ಇದನ್ನು ನಾನು ಓದಿ ಕಲಿತದ್ದಲ್ಲ. ಈ ಸೀಮೆಯಲ್ಲಿ ತೀರಿಹೋದ ನಮ್ಮ ಹೆಂಗಸರನ್ನು ಹತ್ತೊಂಬತ್ತು ವರ್ಷದಿಂದ ತೊಳೆದು ಕಫನ್ ಉಡಿಸುತ್ತಿರುವವಳು ನಾನೇ. ನಾನು ತೊಳೆದವರೆಲ್ಲ ಪೆಟ್ಟಿಗೆ ಸೇರಿ, ವಿಮಾನ ಹತ್ತಿ ಮೊರಾಕ್ಕೋಗೆ ಹೋದರು. ಆ ಪೆಟ್ಟಿಗೆಯಲ್ಲೂ ಬೆನ್ನ ಹಿಂದೆ ಟವೆಲ್ ಸುರುಳಿ ಸುತ್ತಿ ಒತ್ತಿ, ಅವರ ಮುಖವನ್ನು ಬಲಕ್ಕೆ ತಿರುಗಿಸಿಯೇ ಕಳಿಸುತ್ತಿದ್ದೆ. ದಾರಿಯಲ್ಲಿ ಉರುಳಿದರೆ ಅದು ವಿಮಾನದವರ ಪಾಪ.

"ಎಲ್ಲರ ಹಾಗೆ ನಿನ್ನನ್ನೂ ಊರಿಗೆ ಕಳಿಸ್ತೀನಿ ಬಿಡು," ಅಂದೆ.

"ಯಾವ ಊರಿಗೆ? ಅಣ್ಣ ಹೋದ, ಮನೆ ಬಿತ್ತು. ಆ ಗುಡ್ಡದ ಮೇಲೆ ಹೋಗಿ ಮಲಗಿದ್ರೆ ಶುಕ್ರವಾರ ನನ್ನ ತಲೆದೆಸೆಗೆ ಯಾರು ಬರ್ತಾರೆ? ಮೇಕೆ ಬರ್ತವೆ. ಇಲ್ಲಾದ್ರೆ ನೀನಿದ್ದೀಯ, ಇಕ್ರಾಮ್ ಇದ್ದಾಳೆ."

ಇಕ್ರಾಮ್ ನಮ್ಮ ಒಬ್ಬಳೇ ಮಗಳು. ಇದೇ ಊರಲ್ಲಿ ಹುಟ್ಟಿ ಇದೇ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ನಗರದ ಕಚೇರಿಗೆ ಫೋನ್ ಮಾಡಿ ವಿಚಾರಿಸಿದಳು. ಅಲ್ಲಿನ ಸ್ಮಶಾನದಲ್ಲಿ ಮುಸ್ಲಿಮರಿಗೆ ಅಂತ ಒಂದು ಮೂಲೆ ಇತ್ತು, ಆದರೆ ಅದು ಆ ನಗರದ ನಿವಾಸಿಗಳಿಗೆ ಮಾತ್ರ. ಹೀಗೆ ಅಲ್ಲಾಲ್‌ಗೆ ಆರಡಿ ಮಣ್ಣು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮಜಾ ನೋಡಿ, ನಮ್ಮ ಈ ಊರಿನ ಬೀದಿಯ ಕೆಳಗೆ ನಮ್ಮವರು ನೂರಾರು ಜನ ಆರಾಮಾಗಿ ಮಲಗಿದ್ದರು.

ಎರಡು ವರ್ಷದ ಹಿಂದೆ ಚರಂಡಿ ಪೈಪು ಹಾಕಲು ಬೀದಿ ಅಗೆದಾಗ ಮೂಳೆ ಸಿಕ್ಕವು. ಅಂತರ್ಯುದ್ಧದಲ್ಲಿ ಗುಂಡಿಟ್ಟು ಕೊಂದವರಿರಬೇಕು ಅಂತ ಕೆಲವರು ಪಿಸುಗುಟ್ಟಿದರು. ಕಾಲರಾದಲ್ಲಿ ಸತ್ತವರು ಅಂದರು ಇನ್ನು ಕೆಲವರು. ವಿಶ್ವವಿದ್ಯಾಲಯದಿಂದ ಎಲೊಯ್ಸಾ ಅನ್ನುವ ಪ್ರಾಕ್ತನಶಾಸ್ತ್ರದ ಡಾಕ್ಟರಮ್ಮ ಬಂದು, ಗುಂಡಿಗೆ ಇಳಿದು ನೋಡಿ, ಇವರೆಲ್ಲ ಸಾವಿರ ವರ್ಷದ ಹಿಂದಿನ ಮುಸ್ಲಿಮರು ಅಂತ ಹೇಳಿಬಿಟ್ಟಳು. ಪೆಟ್ಟಿಗೆಯ ಮೊಳೆಯಿಲ್ಲ, ಒಡವೆಯಿಲ್ಲ, ಮಡಕೆಯಿಲ್ಲ. ಎಲ್ಲರೂ ಬಲಮಗ್ಗುಲಿಗೆ, ಎಲ್ಲರ ಮುಖವೂ ಆಗ್ನೇಯಕ್ಕೆ. ನಮ್ಮೂರಲ್ಲಿ ಮೂರರು ಯಾವತ್ತೂ ಇರಲೇ ಇಲ್ಲ ಅಂತ ಹೇಳಿಕೊಂಡು ಬೆಳೆದ ಮುದುಕರ ಮುಖ ಹುಳ್ಳಗಾಯಿತು. ನಮ್ಮನ್ನು ಅವರು ಕರೆಯುವುದೇ ಹಾಗೆ, ಮೂರರು ಅಂತ.

ಎಲೊಯ್ಸಾ ಒಂದು ದಿನ ನಮ್ಮ ಮಸೀದಿಗೆ ಬಂದಳು. ಮಸೀದಿ ಅಂದರೆ ಹಳೆಯ ಗ್ಯಾರೇಜು. ಸತ್ತವರನ್ನು ಮಲಗಿಸುವ ರೀತಿ ಚೆನ್ನಾಗಿ ಗೊತ್ತಿರುವವರು ಯಾರು ಅಂತ ಕೇಳಿದಳು. ಎಲ್ಲರೂ ನನ್ನನ್ನು ತೋರಿಸಿದರು. ಹಾಗೆ ನಾನು ಹಣ್ಣು ತುಂಬುವ ಗೋದಾಮಿನ ಕೆಲಸ ಬಿಟ್ಟು ಗುಂಡಿಗೆ ಇಳಿದೆ. ಮಂಡಿಯೂರಿ ಕೂತು, ಮೆತ್ತನೆಯ ಬ್ರಷ್ಷಿನಲ್ಲಿ ಮೂಳೆಯ ಮೇಲಿನ ಮಣ್ಣು ಗುಡಿಸುವ ಕೆಲಸ. ಸಲೀಸಾಗಿ ಬಂತು. ಇಷ್ಟು ವರ್ಷ ನೀರಿನಲ್ಲಿ ಮಾಡಿದ್ದನ್ನು ಈಗ ಒಣಮಣ್ಣಿನಲ್ಲಿ ಮಾಡಬೇಕಿತ್ತು, ಅಷ್ಟೇ ವ್ಯತ್ಯಾಸ.

"ಇವಳ ಕೈ ಕೆನ್ನೆಯ ಕೆಳಗೆ ಯಾಕಿದೆ ಮಿಮೂನಾ?" ಅಂತ ಎಲೊಯ್ಸಾ ಕೇಳುತ್ತಿದ್ದಳು.

"ಯಾರೋ ಪ್ರೀತಿ ಇರೋರು ಇಟ್ಟಿದ್ದಾರೆ. ನಿಯಮ ಅಲ್ಲ ಅದು. ಮಲಗಿದ ಹಾಗೆ ಕಾಣ್ಲಿ ಅಂತ."

ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಒಳ್ಳೆಯ ಹೆಂಗಸು. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಕೆಟ್ಟವಳು ಅನ್ನಲು ನಾಲಿಗೆ ಏಳುವುದಿಲ್ಲ.

ಮೇಯರ್ ಅನ್ಸೆಲ್ಮೊಗಂತೂ ಹಬ್ಬ. ಟೀವಿಯವರು ಬಂದರು, ಮಂತ್ರಿ ಬಂದರು, ಮಕ್ಬರಾ ಬೀದಿ, ಅಂದರೆ ಗೋರಿಗಳ ಬೀದಿ, ಅಂತ ಹೊಸ ಫಲಕ ಬಂತು. ವಸ್ತುಸಂಗ್ರಹಾಲಯ ಕಟ್ಟುತ್ತೇವೆ, ಗಾಜಿನ ಕೆಳಗೆ ಒಬ್ಬ ಮುಸ್ಲಿಮನನ್ನು ಮಲಗಿದಂತೆಯೇ ಇಡುತ್ತೇವೆ ಅಂತ ಭಾಷಣ ಬಿಗಿದ. ಇದೇ ಒಳ್ಳೆಯ ಸಮಯ ಅಂತ ನಾನು ಅವನ ಕಚೇರಿಗೆ ಹೋದೆ. ಇಕ್ರಾಮ್ ಅರ್ಜಿ ಬರೆದು ಕೊಟ್ಟಿದ್ದಳು.

"ಸ್ಮಶಾನದ ಹಿಂದೆ, ಸೈಪ್ರೆಸ್ ಮರಗಳ ಆಚೆ ಒಂದು ನೆಲದ ಪಟ್ಟಿ ಖಾಲಿ ಬಿದ್ದಿದೆ ಸ್ವಾಮಿ. ಹತ್ತು ಹನ್ನೆರಡು ಜನಕ್ಕೆ ಆಗುತ್ತೆ. ನಮಗೆ ಕೊಡಿ. ನನ್ನ ಗಂಡನಿಗೆ ಹೆಚ್ಚು ದಿನ ಇಲ್ಲ."

ಅನ್ಸೆಲ್ಮೊ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಮಿಮೂನಾ, ನಿಮ್ಮವರು ಸಾವಿರ ವರ್ಷದಿಂದ ಇಲ್ಲಿ ಮಲಗಿದ್ದಾರೆ ಅಂತ ವಿಜ್ಞಾನವೇ ಹೇಳಿದ ಮೇಲೆ ಬೇಡ ಅನ್ನೋಕೆ ಯಾರಿಗೆ ಬಾಯಿದೆ? ಅಕ್ಟೋಬರ್ ಸಭೆಗೆ ತರ್ತೀನಿ. ಹನ್ನೊಂದು ಜನದಲ್ಲಿ ಆರು ಮತ ನಮ್ಮ ಕಡೆ ಇದೆ. ನನ್ನನ್ನೂ ಸೇರಿಸಿ."

"ಖಂಡಿತ ತಾನೆ?"

"ಅಲ್ಲಾಲ್‌ಗೆ ಹೇಳು, ಚಿಂತೆ ಬಿಡು ಅಂತ."

ಬಂದು ಹೇಳಿದೆ. ಅಲ್ಲಾಲ್ ಬೆಂಚಿನ ಮೇಲೆ ಕೂತೇ ನಕ್ಕ. "ಸೈಪ್ರೆಸ್ ಮರದ ಬೇರು ಜೋರಾಗಿರುತ್ತೆ. ಸ್ವಲ್ಪ ದೂರ ಅಗೆಸು," ಅಂದ. ಅವತ್ತಿನಿಂದ ಅವನಿಗೆ ಊಟ ರುಚಿಸತೊಡಗಿತು. ರಾತ್ರಿ ಕೆಮ್ಮಿದರೂ ಬೆಳಿಗ್ಗೆ ಎದ್ದು ಗಡ್ಡ ಟ್ರಿಮ್ ಮಾಡಿಕೊಳ್ಳುತ್ತಿದ್ದ. ಜಾಗ ಸಿಕ್ಕಿತು ಅಂತ ಗೆಳೆಯರಿಗೆಲ್ಲ ಮದುವೆಗೆ ಕರೆದ ಹಾಗೆ ಹೇಳಿದ. ನಾನು ಮಾತ್ರ ದಿನ ಎಣಿಸುತ್ತಿದ್ದೆ. ಅಕ್ಟೋಬರ್ ಮೊದಲು ಬರಲಿ, ಉಳಿದದ್ದು ಆಮೇಲೆ.

ಸೆಪ್ಟೆಂಬರ್‌ನಲ್ಲಿ ಇನ್ನೂರ ಹನ್ನೆರಡನೆಯ ಸಮಾಧಿ ತೆರೆದೆವು.

ಗಂಡಸು. ಉದ್ದನೆಯ ಕಾಲು, ಸವೆದ ಹಲ್ಲು. ಮೈ ಎಲ್ಲರ ಹಾಗೆಯೇ ಬಲಮಗ್ಗುಲಿಗಿತ್ತು. ತಲೆ ಮಾತ್ರ ಹಿಂದಕ್ಕೆ ಹೊರಳಿ, ಮುಖ ಕಿಬ್ಲಾದ ಕಡೆಯಿಂದ ಪೂರ್ತಿ ಆಚೆಗೆ ತಿರುಗಿತ್ತು. ಎಲೊಯ್ಸಾಗೆ ಮೈಯೆಲ್ಲ ಹುರುಪು. ಇಂಥದ್ದು ಇದೇ ಮೊದಲು ಅಂದಳು. ಮೇಲೆ ಉರಿಬಿಸಿಲು, ನೆರಳು ಅಡ್ಡ ಬರುತ್ತಿತ್ತು.

"ಊಟ ಮುಗಿಸಿ ಬಂದು ಫೋಟೋ ತೆಗೆಯೋಣ. ಅಲ್ಲಿ ತನಕ ಯಾರೂ ಮುಟ್ಟಬೇಡಿ," ಅಂದು ಉಳಿದವರನ್ನು ಕರೆದುಕೊಂಡು ಹೋದಳು.

ನಾನು ಎಂದಿನಂತೆ ಟಾರ್ಪಾಲಿನ ಕೆಳಗೆ ರೊಟ್ಟಿ ಆಲಿವ್ ಬಿಚ್ಚಿಕೊಂಡು ಕೂತೆ. ಮಧ್ಯಾಹ್ನ ಎರಡೂವರೆ. ಊರಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದು ತುತ್ತು ಬಾಯಿಗಿಟ್ಟೆ, ಇಳಿಯಲಿಲ್ಲ. ಆ ಮನುಷ್ಯ ಅಲ್ಲಿ ಮುಖ ತಿರುಗಿಸಿ ಬಿದ್ದಿದ್ದಾನೆ, ನಾನಿಲ್ಲಿ ಆಲಿವ್ ತಿನ್ನುತ್ತಿದ್ದೇನೆ. ಅವನನ್ನು ಮಲಗಿಸಿದವರು ಸರಿಯಾಗಿಯೇ ಮಲಗಿಸಿರುತ್ತಾರೆ. ಆಮೇಲೆ ಮಣ್ಣು ಕುಸಿದಿರುತ್ತದೆ, ತಲೆ ಉರುಳಿರುತ್ತದೆ, ನೋಡುವವರು ಯಾರು? ಸಾವಿರ ವರ್ಷದ ಮೇಲೆ ಅವನನ್ನು ನೋಡಿದ ಮೊದಲ ಮುಸ್ಲಿಂ ನಾನು. ನೋಡಿಯೂ ನೋಡದ ಹಾಗೆ ಹೇಗೆ ಕೂರಲಿ? ಗಾಜಿನ ಕೆಳಗಿಟ್ಟು ಎಲ್ಲರಿಗೂ ಅವನನ್ನು ಹೀಗೆಯೇ ತೋರಿಸುತ್ತಾರಲ್ಲ.

ಯೋಚನೆ ಮಾಡಿದೆ ಅಂದರೆ ಸುಳ್ಳು. ಕೈಗೆ ಅಭ್ಯಾಸವಾಗಿತ್ತು, ಕೈ ಮಾಡಿತು. ಗುಂಡಿಗೆ ಇಳಿದು, ಬಿಸ್ಮಿಲ್ಲಾ ಅಂದು, ಎರಡೂ ಅಂಗೈಯಲ್ಲಿ ತಲೆ ಎತ್ತಿ ಮೆಲ್ಲಗೆ ಬಲಕ್ಕೆ ತಿರುಗಿಸಿದೆ. ಉರುಳದಿರಲಿ ಅಂತ ಹಿಂದೆ ಒಂದು ಹಿಡಿ ಮಣ್ಣು ಒತ್ತಿದೆ.

"ಈಗ ಸರಿಯಾಯ್ತಲ್ಲಪ್ಪ," ಅಂದೆ ಅವನಿಗೆ.

ಮನಸ್ಸಿಗೆ ಎಷ್ಟು ಹಾಯೆನಿಸಿತು ಅಂದರೆ, ರೊಟ್ಟಿ ಪೂರ್ತಿ ತಿಂದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎಲೊಯ್ಸಾ ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ಆಮೇಲೆ ಕೆಳಗಿಳಿದು ಬಗ್ಗಿ ನೋಡಿದಳು. ತಲೆ ಮೊದಲಿದ್ದ ಕಡೆ ಮಣ್ಣಿನಲ್ಲಿ ದವಡೆಯ ಅಚ್ಚು ಹಾಗೇ ಉಳಿದಿತ್ತು. ಎರಡು ಹಲ್ಲು ಅಲ್ಲೇ ಬಿದ್ದಿದ್ದವು.

"ಯಾರು ಮುಟ್ಟಿದ್ದು?"

"ನಾನೇ ಡಾಕ್ಟ್ರೇ. ಮುಖ ತಪ್ಪಿತ್ತು, ಸರಿ ಮಾಡಿದೆ."

"ಸರಿ ಮಾಡಿದೆ?" ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಈ ಮನುಷ್ಯನ ಮುಖ ಯಾಕೆ ಆ ಕಡೆ ಇತ್ತು ಅಂತ ಇನ್ನು ಯಾರಿಗೂ ಯಾವತ್ತೂ ಗೊತ್ತಾಗಲ್ಲ. ಗೊತ್ತಾ ನಿನಗೆ?"

"ಯಾಕಿರುತ್ತೆ? ಮಣ್ಣು ಕುಸಿದಿರುತ್ತೆ."

"ಅದನ್ನ ಹೇಳೋ ಕೆಲಸ ನಂದು, ಮಿಮೂನಾ. ನಿಂದಲ್ಲ."

ಪುಸ್ತಕ ತೆಗೆದು ಬರೆಯತೊಡಗಿದಳು. ಆಗ ನನಗೆ ಹೊಳೆಯಿತು. ನಾನು ಮುಟ್ಟಿದ್ದು ಬರೀ ಮೂಳೆಯನ್ನಲ್ಲ.

"ಇದನ್ನ ಬರೀತೀರಾ?"

"ಬರೀಲೇಬೇಕು."

"ನನ್ನ ಹೆಸರು ಬೇಡ ಅಂತ ಅಲ್ಲ, ಹೆಸರೂ ಬರೀರಿ. ಆದರೆ ಅಕ್ಟೋಬರ್ ಕಳೀಲಿ. ಒಂದೇ ತಿಂಗಳು. ಅಲ್ಲಾಲ್ ಜಾಗದ ವಿಷಯ ನಿಮಗೇ ಗೊತ್ತಲ್ಲ."

"ವಾರದ ವರದಿ ಶುಕ್ರವಾರ ಇಲಾಖೆಗೆ ಹೋಗುತ್ತೆ. ಇದನ್ನ ಮುಚ್ಚಿಟ್ಟೆ ಅಂತ ಆಮೇಲೆ ಗೊತ್ತಾದ್ರೆ ಉಳಿದ ಇನ್ನೂರ ಹನ್ನೊಂದನ್ನೂ ಯಾರೂ ನಂಬಲ್ಲ. ಆಗ ನಿಮ್ಮವರು ಇಲ್ಲಿ ಇರ್ಲೇ ಇಲ್ಲ ಅಂತಾರೆ."

ಅವಳ ಮಾತು ಸರಿಯಾಗಿಯೇ ಇತ್ತು. ಸರಿ ಇದ್ದದ್ದಕ್ಕೇ ನನಗೆ ಮೈ ಉರಿಯಿತು. "ಸತ್ತವರ ಬಗ್ಗೆ ಇಷ್ಟು ನ್ಯಾಯ ನೋಡ್ತೀರಲ್ಲ, ಸಾಯೋಕೆ ಹೊರಟವನ ಬಗ್ಗೆ ಒಂದು ತಿಂಗಳು ನೋಡಬಾರ್ದಾ?" ಅಂದೆ. ಅವಳ ಕಣ್ಣಲ್ಲಿ ನೀರು ತುಂಬಿತು, ಆದರೂ ಪೆನ್ನು ನಿಲ್ಲಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರಬೇಡ ಅಂದಳು.

ವರದಿ ಇಲಾಖೆಗೆ ಹೋಯಿತು, ಅಲ್ಲಿಂದ ಯಾರೋ ಪತ್ರಿಕೆಗೆ ದಾಟಿಸಿದರು. ಮೂಳೆ ತಿರುಗಿಸಿದ ಮೊರಾಕ್ಕೋ ಹೆಂಗಸು ಅಂತ ಸುದ್ದಿ ಬಂತು. ನಾನು ತಿರುಗಿಸಿದ್ದು ಒಂದು. ಮರುವಾರ ಊರಿನ ಬಾರಿನಲ್ಲಿ ಅದು ಹತ್ತಾಗಿತ್ತು. ತಿಂಗಳ ಕೊನೆಗೆ, ಅಲ್ಲಿರುವ ಮೂಳೆಗಳನ್ನೆಲ್ಲ ನಾವೇ ರಾತ್ರೋರಾತ್ರಿ ತಂದು ಹೂತದ್ದು ಅನ್ನುವಲ್ಲಿಗೆ ಮುಟ್ಟಿತು.

ಪುರಸಭೆಯ ಸಭೆಗೆ ನಾನೂ ಇಕ್ರಾಮೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ರಮೀರೊ ಅಂತ ಒಬ್ಬ ಸದಸ್ಯ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು, ಪತ್ರಿಕೆ ಎತ್ತಿ ಹಿಡಿದು ಎದ್ದು ನಿಂತ.

"ನಮ್ಮ ಬೀದಿ ಅಗೆದ್ರು, ಸುಮ್ನಿದ್ವಿ. ಬೀದಿ ಹೆಸರು ಬದಲಾಯಿಸಿದ್ರು, ಸುಮ್ನಿದ್ವಿ. ಈಗ ಹೆಣಗಳನ್ನೇ ತಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡು, ನೋಡಿ ಇದು ನಮ್ಮ ಹಳೇ ಜಾಗ, ಪಟ್ಟಿ ಬರ್ಕೊಡಿ ಅಂತಾರೆ. ನಾಳೆ ಚರ್ಚಿನ ಕೆಳಗೆ ಎರಡು ಮೂಳೆ ಸಿಕ್ರೆ?"

ಕೆಲವರು ನಕ್ಕರು. ನಾನು ಎದ್ದೆ. ಇಕ್ರಾಮ್ ನನ್ನ ಕೋಟಿನ ಅಂಚು ಹಿಡಿದು ಎಳೆದಳು, ನಾನು ಕೂರಲಿಲ್ಲ.

"ತಲೆ ತಿರುಗಿಸಿದ್ದು ನಾನು," ಅಂದೆ. "ಒಂದೇ ಒಂದು ತಲೆ. ಅದು ತಪ್ಪು ಅಂದ್ರು, ಒಪ್ಕೊಂಡೆ. ಜಾಗ ಕೇಳ್ತಿರೋದು ನನ್ನ ಗಂಡ. ಅವನು ಗುಂಡಿ ಹತ್ರಾನೂ ಬಂದಿಲ್ಲ, ನಿಮ್ಮ ತೋಟದಲ್ಲಿ ನಿಮ್ಮ ಔಷಧಿ ಹೊಡ್ಕೊಂಡಿದ್ದ. ನನ್ನ ತಪ್ಪಿಗೆ ನನಗೆ ಜಾಗ ಕೊಡಬೇಡಿ. ಬರ್ಕೊಡ್ತೀನಿ. ಅವನಿಗೆ ಕೊಡಿ."

"ಸಾರ್ವಜನಿಕರಿಗೆ ಮಾತಾಡೋ ಅವಕಾಶ ಇಲ್ಲ," ಅಂದ ಅನ್ಸೆಲ್ಮೊ. ನನ್ನ ಮುಖ ನೋಡದೆ, ಎದುರಿಗಿದ್ದ ನೀರಿನ ಲೋಟ ನೋಡಿಕೊಂಡು ಅಂದ.

ಮತಕ್ಕೆ ಹಾಕಿದರು. ಈ ಕಡೆ ಐದು, ಆ ಕಡೆ ಐದು. ಉಳಿದದ್ದು ಅನ್ಸೆಲ್ಮೊನ ಕೈ. ನಾನು ಆ ಕೈಯನ್ನೇ ನೋಡುತ್ತಿದ್ದೆ, ನನ್ನ ಎರಡೂ ಕೈ ಹಿಡಿದುಕೊಂಡಿತ್ತಲ್ಲ ಅದೇ ಕೈ. ಅವನು ಅದನ್ನು ಎತ್ತಲಿಲ್ಲ. ತಜ್ಞರ ಸಮಿತಿ ಸ್ಪಷ್ಟನೆ ಕೊಡುವ ತನಕ ವಿಷಯವನ್ನು ಮುಂದೂಡಿದೆ ಅಂತ ಓದಿದ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಬಂದು, "ವಸಂತಕ್ಕೆ ಮತ್ತೆ ತರ್ತೀನಿ ಮಿಮೂನಾ, ಚುನಾವಣೆ ಮುಗೀಲಿ," ಅಂದ.

"ನನ್ನ ಗಂಡನಿಗೂ ಹೇಳ್ತೀನಿ, ವಸಂತದ ತನಕ ಕಾಯಿ ಅಂತ," ಅಂದೆ. ಅವನು ತಲೆಯಾಡಿಸಿದ, ಮುಠ್ಠಾಳ.

ಮನೆಗೆ ಬಂದು ಅಲ್ಲಾಲ್‌ಗೆ ಎಲ್ಲವನ್ನೂ ಹೇಳಬೇಕಾಯಿತು. ಅಲ್ಲಿ ತನಕ ತಲೆ ತಿರುಗಿಸಿದ ಸಂಗತಿಯನ್ನು ಅವನಿಂದ ಮುಚ್ಚಿಟ್ಟಿದ್ದೆ. ಕೆಲಸ ಮುಗಿಯಿತು, ಬಿಟ್ಟೆ ಅಂದಿದ್ದೆ. ಆಗಲೇ ಹಾಸಿಗೆ ಹಿಡಿದಿದ್ದರಿಂದ ಬಾರಿನ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅವನು ಆಮ್ಲಜನಕದ ನಳಿಗೆಯನ್ನು ಮೂಗಿನಿಂದ ತೆಗೆದು ಪೂರ್ತಿ ಕೇಳಿದ. ನಗುತ್ತಾನೆ ಅಂದುಕೊಂಡಿದ್ದೆ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಎಲ್ಲ ಎಡವಟ್ಟಿಗೂ ನಕ್ಕವನು.

"ಸಾವಿರ ವರ್ಷದಿಂದ ಆ ಕಡೆ ನೋಡ್ತಿದ್ದ," ಅಂದ. "ಇನ್ನೊಂದು ತಿಂಗಳು ನೋಡಿದ್ರೆ ಏನಾಗ್ತಿತ್ತು?"

"ಕಣ್ಣಿಗೆ ಬಿದ್ದ ಮೇಲೆ ಬಿಡೋಕಾಗಲಿಲ್ಲ."

"ನಾನು ನಿನ್ನ ಕಣ್ಣಿಗೆ ಬೀಳಲಿಲ್ಲ."

ಅಷ್ಟೇ ಅಂದು ಗೋಡೆಗೆ ಮುಖ ಮಾಡಿ ಮಲಗಿದ. ಸೂಪು ಮಾಡಿದೆ, ಕುಡಿದ. ಕಾಲು ಒತ್ತಿದೆ, ಬೇಡ ಅನ್ನಲಿಲ್ಲ. ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನೂ ಎರಡು ಮಾತು ಬೈದು, ಅತ್ತು, ಹಗುರವಾಗುತ್ತಿದ್ದೆ. ಆ ಭಾಗ್ಯವನ್ನೂ ಕೊಡಲಿಲ್ಲ.

ನವೆಂಬರ್‌ನ ಎರಡನೆಯ ವಾರ ಅವನ ಉಗುರು ನೀಲಿಯಾದವು. ಇಕ್ರಾಮ್ ಅಪ್ಪನ ಕಿವಿಯ ಬಳಿ ಬಾಗಿ, ವಿಮಾನದಲ್ಲಿ ಕಳಿಸಲಾ, ಇನ್ನೂ ಸಮಯ ಇದೆ ಅಂತ ಕೇಳಿದಳು. ಬೇಡ ಅಂತ ಕೈಯಾಡಿಸಿದ. ನನ್ನನ್ನು ಹತ್ತಿರ ಕರೆದ.

"ಗೋಡೆಯಾದ್ರೂ ಸರಿ. ಇಲ್ಲೇ ಇರ್ತೀನಿ. ಮುಖ ಮಾತ್ರ ಆ ಕಡೆ ಇರ್ಲಿ. ಅಷ್ಟಾದ್ರೂ ಮಾಡು."

"ಮಾಡ್ತೀನಿ."

"ಕಂಡವರಿಗೆಲ್ಲ ಮಾಡಿದ್ದೀಯ."

ಇದು ಅವನು ನನ್ನೊಡನೆ ಆಡಿದ ಕೊನೆಯ ಮಾತು. ಬೇರೆಯವರಿಗೆ ಗಂಡಂದಿರು ಏನೇನೋ ಒಳ್ಳೆಯ ಮಾತು ಹೇಳಿ ಹೋಗುತ್ತಾರಂತೆ.

ಗಂಡಸರನ್ನು ಗಂಡಸರೇ ತೊಳೆಯಬೇಕು, ಆದರೆ ಗಂಡನನ್ನು ತೊಳೆಯುವ ಹಕ್ಕು ಹೆಂಡತಿಗಿದೆ. ಯಾರನ್ನೂ ಹತ್ತಿರ ಬಿಡದೆ ನಾನೇ ತೊಳೆದೆ. ಬೆನ್ನಿನ ಮೇಲೆ ಔಷಧಿ ಡಬ್ಬದ ಪಟ್ಟಿ ಒತ್ತಿದ ಕಪ್ಪು ಗೀರು ಹಾಗೇ ಇತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಫನ್ ಉಡಿಸಿ, ಪೆಟ್ಟಿಗೆಯಲ್ಲಿ ಬಲಮಗ್ಗುಲಿಗೆ ಮಲಗಿಸಿ, ಹಿಂದೆ ಮೂರು ಟವೆಲ್ ಸುರುಳಿ ಒತ್ತಿದೆ.

ನಮ್ಮಲ್ಲಿ ಹೆಂಗಸರು ಮಣ್ಣು ಮಾಡುವಲ್ಲಿಗೆ ಹೋಗುವ ವಾಡಿಕೆಯಿಲ್ಲ. ಮಣ್ಣೇ ಇಲ್ಲವಲ್ಲ, ನಾನು ಹೋದೆ. ಸ್ಮಶಾನ ನೋಡಿಕೊಳ್ಳುವ ಫೆರ್ಮಿನ್ ನಮ್ಮ ಕೆಳಮನೆಯವನು, ಅಲ್ಲಾಲ್ ಜೊತೆ ಆ ಬೆಂಚಿನ ಮೇಲೆ ಕೂತು ಹರಟುತ್ತಿದ್ದವನು. ಅವನು ತೋರಿಸಿದ ಗೂಡು ಮೂರನೆಯ ಸಾಲಿನಲ್ಲಿತ್ತು. ಎರಡು ವರ್ಷ ಗುಂಡಿಯಲ್ಲಿ ಕೂತು ದಿಕ್ಕು ನೋಡಿ ನೋಡಿ ನನಗೆ ಈಗ ದಿಕ್ಸೂಚಿ ಬೇಕಿಲ್ಲ. ನಿಂತಲ್ಲೇ ಲೆಕ್ಕ ಹಾಕಿದೆ. ತಲೆ ಒಳಗೆ, ಕಾಲು ಹೊರಗೆ ಮಾಡಿ ತಳ್ಳಿದರೆ ಬಲಮಗ್ಗುಲಿಗೆ ಮಲಗಿದವನ ಮುಖ ಸರಿಯಾಗಿ ಕಿಬ್ಲಾಕ್ಕೆ ಬರುತ್ತದೆ. ತಲೆ ಹೊರಗೆ ಬಂದರೆ ಬೆನ್ನು ಕಿಬ್ಲಾಕ್ಕೆ.

"ಫೆರ್ಮಿನ್, ತಲೆ ಒಳಗೆ ಹೋಗಲಪ್ಪ."

ಅವನು ಮುಜುಗರದಿಂದ ಟೋಪಿ ತೆಗೆದ. "ಆಗಲ್ಲ ಮಿಮೂನಕ್ಕ. ಇಲ್ಲಿ ಎಲ್ಲರದ್ದೂ ತಲೆ ಕಲ್ಲಿನ ಕಡೆಗೇ. ಜನ ಬಂದು ಕಲ್ಲಿಗೆ ಮುತ್ತು ಕೊಡ್ತಾರೆ, ಹಣೆ ಇರೋ ಜಾಗಕ್ಕೆ ಅಂತ. ಪಕ್ಕದ ಗೂಡಿನವರು, ಮೇಲಿನವರು, ಎಲ್ಲ ದೂರು ಕೊಡ್ತಾರೆ. ಈಗಾಗ್ಲೇ ರಮೀರೊ ಕಡೆಯವರು ಬಂದು ಹೇಳಿ ಹೋಗಿದ್ದಾರೆ, ಇವರಿಗೆ ಅಂತ ಬೇರೆ ಪದ್ಧತಿ ಮಾಡಿದ್ರೆ ನೋಡು ಅಂತ. ನನ್ನ ಕೆಲಸ ಹೋಗುತ್ತೆ ಅಕ್ಕ."

"ಯಾರಿಗೆ ಕಾಣುತ್ತೆ? ಪೆಟ್ಟಿಗೆ ಎರಡೂ ಕಡೆ ಒಂದೇ ಥರ ಇದೆ."

"ಇಲ್ಲ ಅಕ್ಕ. ಒಂದು ಕಡೆ ಅಗಲ ಇದೆ. ನೋಡಿ."

ನೋಡಿದೆ. ಭುಜದ ಕಡೆ ಅಗಲ, ಕಾಲಿನ ಕಡೆ ಕಿರಿದು. ಗೋಡೆಯ ಆ ತುದಿಯಲ್ಲಿ ರಮೀರೊ ಕಡೆಯ ಇಬ್ಬರು ಕೈ ಕಟ್ಟಿಕೊಂಡು ನಿಂತಿದ್ದರು. ಫೆರ್ಮಿನ್ ಕೊಟ್ಟ ಕಾಗದಕ್ಕೆ ಇಕ್ರಾಮ್ ಸಹಿ ಹಾಕುತ್ತಿದ್ದಳು. ಹಾಕುತ್ತ ಹಾಕುತ್ತ ನಿಂತಳು.

"ಹತ್ತು ವರ್ಷ ಅಂದ್ರೇನು ಫೆರ್ಮಿನ್ ಮಾಮ?"

"ಗೂಡು ಹತ್ತು ವರ್ಷಕ್ಕೆ ಮಗಳೇ. ಆಮೇಲೆ ತೆಗೆದು ಮೂಳೆನ ಆ ದೊಡ್ಡ ಬಾವಿಗೆ ಹಾಕ್ತಾರೆ, ಎಲ್ಲರದ್ದೂ ಒಟ್ಟಿಗೆ. ಜಾಗ ಕಡಿಮೆ."

ಇಕ್ರಾಮ್ ನನ್ನ ಕಡೆ ನೋಡಿದಳು. ನಾನು ಪೆಟ್ಟಿಗೆಯ ಕಡೆ ನೋಡುತ್ತಿದ್ದೆ.

"ಮುಚ್ಚಳ ತೆಗಿ ಫೆರ್ಮಿನ್. ಎರಡೇ ನಿಮಿಷ."

ಅವನು ತಿರುಪು ಬಿಚ್ಚಿದ. ಅಷ್ಟಾದರೂ ಮಾಡಿದ. ಒಳಗೆ ನನ್ನ ಮುದುಕ ನಾನು ಮಲಗಿಸಿದಂತೆಯೇ ಇದ್ದ, ಒಂದು ಟವೆಲೂ ಜರುಗಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಯಾರನ್ನೂ ಮಲಗಿಸಿರಲಿಲ್ಲ ನಾನು. ಬಲಮಗ್ಗುಲು ಬೇಕಾದರೆ ಮುಖವಿಲ್ಲ, ಮುಖ ಬೇಕಾದರೆ ಬಲಮಗ್ಗುಲಿಲ್ಲ. ಬೀದಿಯ ಕೆಳಗಿದ್ದ ಇನ್ನೂರ ಹನ್ನೊಂದು ಜನಕ್ಕೆ ಎರಡೂ ಇತ್ತು. ಅವರಿಗೆ ಯಾವ ಮೇಯರೂ ಬೇಕಾಗಿರಲಿಲ್ಲ.

ಟವೆಲ್ ಸುರುಳಿಗಳನ್ನು ಒಂದೊಂದಾಗಿ ತೆಗೆದೆ. ಭುಜದ ಕೆಳಗೆ ಕೈ ಕೊಟ್ಟು ಅವನನ್ನು ಮಗುಚಿ ಎಡಮಗ್ಗುಲಿಗೆ ಮಲಗಿಸಿದೆ. ಹಗುರವಾಗಿಬಿಟ್ಟಿದ್ದ, ಒಬ್ಬಳೇ ಮಾಡಿದೆ. ಹಿಂದಿನಿಂದ ಇಮಾಮರು, "ಅಮ್ಮ, ಅದು ಎಡ," ಅಂದರು. ಗೊತ್ತು ಅಂದೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಎಡಮಗ್ಗುಲಿಗೆ ಮಲಗಿದವನು ಅವನೊಬ್ಬನೇ. ಟವೆಲ್‌ಗಳನ್ನು ಈಗ ಆ ಕಡೆಯಿಂದ ಒತ್ತಿ, ಕೆನ್ನೆ ಮುಟ್ಟಿ ಮುಖ ಸರಿಮಾಡಿದೆ.

ಎದ್ದು ನಿಂತಾಗ ಎಲೊಯ್ಸಾ ಎದುರಿಗಿದ್ದಳು. ಯಾವಾಗ ಬಂದಿದ್ದಳೋ. ಅಲ್ಲಿದ್ದವರಲ್ಲಿ ನಾನು ಏನು ಮಾಡಿದೆ, ಯಾಕೆ ಮಾಡಿದೆ ಅಂತ ಯಾರೂ ಹೇಳದೆ ಅರ್ಥವಾದದ್ದು ಅವಳೊಬ್ಬಳಿಗೇ. ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು.

"ಬರ್ಕೊಳಿ ಡಾಕ್ಟ್ರೇ," ಅಂದೆ. "ಎಡಮಗ್ಗುಲು, ಮುಖ ಆಗ್ನೇಯಕ್ಕೆ, ಕೈ ಹಾಕಿದ್ದು ಹೆಂಡತಿ. ಈಗ್ಲೇ ಬರ್ಕೊಳಿ. ಹತ್ತು ವರ್ಷಕ್ಕೆ ತೆಗೆದು ಬಾವಿಗೆ ಹಾಕ್ತಾರಂತೆ, ಆಮೇಲೆ ನಿಮ್ಮಂಥೋರು ಯಾರು ಬಂದ್ರೂ ನೋಡೋಕೆ ಸಿಗಲ್ಲ."

ಫೆರ್ಮಿನ್ ಮುಚ್ಚಳ ಹಾಕಿ ತಿರುಪು ಬಿಗಿದ. ನಾಲ್ಕು ಜನ ಎತ್ತಿ, ಕಾಲು ಮುಂದೆ ಮಾಡಿ ಗೂಡಿನೊಳಗೆ ತಳ್ಳಿದರು. ಫೆರ್ಮಿನ್ ಇಟ್ಟಿಗೆ ಇಡತೊಡಗಿದ.